ಎಡಗಡೆ ಒಂದೂವರೆ ಸೆಂಟಿಮೀಟರು

ನನ್ನ ಕೂದಲು ಬಲಗಡೆಗಿಂತ ಎಡಗಡೆ ಒಂದೂವರೆ ಸೆಂಟಿಮೀಟರು ಉದ್ದವಿದೆ. ಇದು ಅಂದಾಜಿನ ಮಾತಲ್ಲ, ಸ್ಟೀಲಿನ ಸ್ಕೇಲು ಇಟ್ಟು ಅಳೆದದ್ದು. ಅಳೆದವರು ಯಾರು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಅದನ್ನು ಹೇಳಲು ನನಗೆ ಇನ್ನೂ ಸ್ವಲ್ಪ ಸಮಯ ಬೇಕು.

ಏಳೆಂಟು ವರ್ಷಗಳಿಂದ ನನ್ನ ಕೂದಲನ್ನು ನಾನೇ ಮನೆಯಲ್ಲಿ ಕತ್ತರಿಸಿಕೊಳ್ಳುತ್ತೇನೆ. ಅದಕ್ಕೊಂದು ಕ್ರಮವಿದೆ. ತಲೆಗೆ ಎರೆದುಕೊಂಡು, ನೀರು ಹನಿಯುವುದು ನಿಂತ ಮೇಲೆ, ನಡುಬೈತಲೆ ತೆಗೆದು ಕೂದಲನ್ನು ಎರಡು ಪಾಲು ಮಾಡಿ ಎರಡೂ ಹೆಗಲ ಮೇಲಿಂದ ಮುಂದಕ್ಕೆ ತಂದುಕೊಳ್ಳಬೇಕು. ಒಂದೊಂದು ಪಾಲಿಗೆ ಒಂದೊಂದು ರಬ್ಬರು. ರಬ್ಬರನ್ನು ಹೆಗಲ ಮಟ್ಟಕ್ಕೆ ಜಾರಿಸಿ, ಅದರ ಕೆಳಗೆ ಸ್ಕೇಲು ಹಿಡಿದು ನಾಲ್ಕು ಸೆಂಟಿಮೀಟರು ಬಿಟ್ಟು, ಉಸಿರು ಹಿಡಿದು ಕತ್ತರಿಸಬೇಕು. ಹಿಂಭಾಗ ನೋಡಿಕೊಳ್ಳಲು ಗೋಡೆಯ ಕನ್ನಡಿಗೆ ಬೆನ್ನು ತಿರುಗಿಸಿ ಕೈಯಲ್ಲಿ ಇನ್ನೊಂದು ಕನ್ನಡಿ ಹಿಡಿಯಬೇಕು. ಒಂದು ಕನ್ನಡಿಯೊಳಗೆ ಇನ್ನೊಂದು ಕನ್ನಡಿ ಹೊಕ್ಕಾಗ ಎಡ ಯಾವುದು ಬಲ ಯಾವುದು ಎಂದು ಒಂದು ಗಳಿಗೆ ತಲೆ ತಿರುಗುತ್ತದೆ. ನಾನು ರಸಾಯನಶಾಸ್ತ್ರ ಓದಿದವಳು, ತಾಳಿಕೋಟೆಯ ಒಂದು ಕಾಲೇಜಿನಲ್ಲಿ ಅದನ್ನೇ ಕಲಿಸುವವಳು. ಹನಿ ಲೆಕ್ಕ ಇಡುವುದು ನನಗೆ ಬರುತ್ತದೆ. ಕನ್ನಡಿಯ ಲೆಕ್ಕ ಮಾತ್ರ ಯಾವತ್ತೂ ಕೈಕೊಡುತ್ತದೆ.

ಕತ್ತರಿ ನನ್ನ ಸ್ವಂತದ್ದು. ಟೇಲರುಗಳು ಬಳಸುವ ಭಾರದ ಕತ್ತರಿ. ಅದರಿಂದ ಹಾಲಿನ ಪಾಕೀಟು ಕತ್ತರಿಸಬಾರದು, ಜೋಳದ ಚೀಲದ ಹೊಲಿಗೆ ಬಿಚ್ಚಬಾರದು, ನುಗ್ಗೆಕಾಯಿಯ ಹತ್ತಿರವಂತೂ ತರಬಾರದು ಎಂದು ಮನೆಯಲ್ಲಿ ಎಲ್ಲರಿಗೂ ಹೇಳಿದ್ದೇನೆ. ಅವ್ವ ಮೂರನ್ನೂ ಒಮ್ಮೊಮ್ಮೆ ಮಾಡಿದ್ದಾಳೆ.

ಅಂಗಡಿಗೆ ಯಾಕೆ ಹೋಗುವುದಿಲ್ಲ ಎಂದು ನೀವು ಕೇಳಬಹುದು. ಒಮ್ಮೆ ಹೋಗಿದ್ದೆ. ವಿಜಯಪುರದಲ್ಲಿ ಹಾಸ್ಟೆಲಿನಲ್ಲಿದ್ದಾಗ ಅಲ್ಲಿನ ಬೋರಿನ ಸವಳು ನೀರಿಗೆ ನನ್ನ ಕೂದಲು ಹಿಡಿಹಿಡಿಯಾಗಿ ಉದುರತೊಡಗಿತು. ಗೆಳತಿಯರು ಒಂದು ಪಾರ್ಲರಿಗೆ ಎಳೆದುಕೊಂಡು ಹೋದರು. ಕುರ್ಚಿಯಲ್ಲಿ ಕೂರಿಸಿದಾಕೆ ನನ್ನ ಗದ್ದ ಹಿಡಿದೆತ್ತಿ, ಹುಬ್ಬು ನೋಡಿ, ಕಿವಿಯ ಹಿಂದೆ ಬೆರಳಾಡಿಸಿ, "ನಿಶ್ಚಯ ಆಗೇತೇನ್ರಿ?" ಎಂದು ಕೇಳಿದಳು. ಇಲ್ಲ ಎಂದೆ. "ಇಷ್ಟ ತೆಳ್ಳಗ ಆದ್ರ ಹ್ಯಾಂಗ ಆಗಬೇಕ್ರಿ?" ಎಂದಳು. ಆಕೆ ಕೂದಲಿನ ಬಗ್ಗೆ ಹೇಳಿದಳೋ ಮೈಯ ಬಗ್ಗೆ ಹೇಳಿದಳೋ ಎಂದು ಮೂರು ದಿನ ಯೋಚಿಸಿದೆ. ನನ್ನ ತಲೆಯನ್ನು ಇನ್ನು ಮುಂದೆ ಪರರ ಕೈಗೆ ಕೊಡಬಾರದು ಎಂದು ನಿಶ್ಚಯ ಮಾಡಿದೆ. ಆಕೆ ಕೇಳಿದ ನಿಶ್ಚಯ ಅದಲ್ಲ, ಆದರೆ ಆದದ್ದು ಅದೊಂದೇ.

ಕೂದಲಿನ ವಿಷಯದಲ್ಲಿ ನನ್ನ ಹೊಟ್ಟೆಕಿಚ್ಚು ಇದಕ್ಕಿಂತ ಹಳೆಯದು. ಅದನ್ನೂ ಹೇಳಿಬಿಡುತ್ತೇನೆ.

ನಾನು ಚಿಕ್ಕವಳಿದ್ದಾಗ ಮುದ್ದೇಬಿಹಾಳದ ನಮ್ಮ ಓಣಿಗೆ ಕೂದಲು ಕೊಳ್ಳುವ ಒಬ್ಬ ಹೆಂಗಸು ಬರುತ್ತಿದ್ದಳು. ತಲೆಯ ಮೇಲೆ ಬುಟ್ಟಿ, ಬುಟ್ಟಿಯ ತುಂಬ ಸ್ಟೀಲಿನ ಸಾಮಾನು. "ಕೂದಲ ಕೊಡ್ರಿ, ಡಬ್ಬಿ ಅದಾವು, ಚರಿಗಿ ಅದಾವು" ಎಂದು ಕೂಗಿದರೆ ಓಣಿಯ ಹೆಂಗಸರೆಲ್ಲ ಗೋಡೆಯ ಗೂಡಿನಿಂದ ಉಂಡೆಗಳನ್ನು ತೆಗೆಯುತ್ತಿದ್ದರು. ತಲೆ ಬಾಚಿದಾಗ ಹಣಿಗೆಗೆ ಸಿಕ್ಕ ಕೂದಲನ್ನು ಬೆರಳಿಗೆ ಸುತ್ತಿ ಸುತ್ತಿ ಕೂಡಿಟ್ಟ ಉಂಡೆಗಳು. ಆಕೆ ಅವನ್ನು ಅಂಗೈಯಲ್ಲಿಟ್ಟು ತೂಗಿ, ಅದಕ್ಕೆ ತಕ್ಕ ಪಾತ್ರೆ ಕೊಡುತ್ತಿದ್ದಳು. ಪಕ್ಕದ ಮನೆಯ ಗಂಗಾ ನನ್ನದೇ ವಯಸ್ಸಿನವಳು, ಎರಡನೆಯ ಇಯತ್ತೆಯಲ್ಲೇ ಅವಳ ಹೆರಳು ಸೊಂಟ ಮುಟ್ಟಿತ್ತು. ಒಂದು ಸಲ ಅವಳ ಉಂಡೆಗೆ ಒಂದು ಚರಿಗೆ ಬಂತು. ನನ್ನದಕ್ಕೆ ಚಹಾ ಸೋಸುವ ಜರಡಿ ಬಂತು.

ಅವ್ವನಿಗೆ ಜರಡಿ ಬೇಕಾಗಿತ್ತು, ಅವಳಿಗೆ ಸಂತೋಷವೇ ಆಯಿತು. ನನಗೆ ಆ ಚರಿಗೆ ಕಣ್ಣಿನಲ್ಲಿ ಕೂತುಬಿಟ್ಟಿತು. ಗಂಗಾ ಅದರಲ್ಲಿ ನೀರು ಕುಡಿಯುವುದನ್ನು ನೋಡಿದರೆ ನನಗೆ ಬಾಯಾರಿಕೆಯೂ ಸಿಟ್ಟೂ ಒಟ್ಟಿಗೆ ಬರುತ್ತಿದ್ದವು. ಯೋಚನೆ ಮಾಡಿ ಮಾಡಿ, ಗಂಗಾಳ ಮನೆಯದೇ ಎಮ್ಮೆಯ ಬಾಲದ ತುದಿಯಿಂದ, ಅದು ಮೇವು ತಿನ್ನುವಾಗ, ದಿನಕ್ಕೆ ನಾಲ್ಕೈದು ಎಳೆಯಂತೆ ಕೂದಲು ಕಿತ್ತು ಕೂಡಿಸತೊಡಗಿದೆ. ಎಮ್ಮೆ ಎರಡು ಸಲ ಒದೆಯಲು ಬಂತು. ಕೂಡಿಸಿದ್ದನ್ನು ಸಾಬೂನು ಹಚ್ಚಿ ತೊಳೆದು, ಕೊಬ್ಬರಿ ಎಣ್ಣೆ ಸವರಿ, ನನ್ನ ಕೂದಲಿನ ನಡುವೆ ಸೇರಿಸಿ ದೊಡ್ಡ ಉಂಡೆ ಮಾಡಿದೆ.

ಮೂರು ತಿಂಗಳ ಮೇಲೆ ಆ ಹೆಂಗಸು ಬಂದಳು. ಉಂಡೆ ನೋಡಿ ಮೊದಲು ಹುಬ್ಬೇರಿಸಿದಳು. ಆಮೇಲೆ ಒಂದು ಎಳೆ ಹಿರಿದು ಬೆರಳಲ್ಲಿ ಹೊಸೆದಳು, ಮೂಗಿಗೆ ಹಿಡಿದಳು.

"ಇದು ಯಾರ ತಲಿದವ್ವಾ?"

"ನಂದು."

"ನಿಂದೇನು? ದಿನಾ ಎಷ್ಟ ಲೀಟರ್ ಹಾಲ ಕೊಡ್ತಿ?"

ಓಣಿಯೆಲ್ಲ ನಕ್ಕಿತು. ಗಂಗಾಳ ಅವ್ವ, ಎಮ್ಮೆಯ ಬಾಲ ಈಚೆಗೆ ಬೋಳಾಗುತ್ತಿರುವುದು ಯಾಕೆಂದು ಈಗ ತಿಳಿಯಿತು ಎಂದು ಕಟ್ಟೆಯ ಮೇಲೆ ಕೂತು ಕಣ್ಣೀರು ಬರುವಷ್ಟು ನಕ್ಕಳು. ನಗದೆ ಇದ್ದವನು ಬಾಗಿಲಲ್ಲಿ ನಿಂತಿದ್ದ ಅಪ್ಪ ಒಬ್ಬನೇ. ಅಪ್ಪ ಮೋಜಣಿ ಇಲಾಖೆಯಲ್ಲಿದ್ದವನು. ಊರೂರು ತಿರುಗಿ ಜನರ ಹೊಲ ಅಳೆದು ಬಾಂದುಕಲ್ಲು ನೆಡಿಸುವುದು ಅವನ ಕೆಲಸ. ಹೆಚ್ಚು ಮಾತಿನವನಲ್ಲ. ಆವತ್ತು ಸಂಜೆ ತನ್ನ ಕೆಲಸದ ಚೀಲದಿಂದ ಒಂದು ಅಡಿಯ ಸ್ಟೀಲಿನ ಸ್ಕೇಲು ತೆಗೆದು ನನ್ನ ಮುಂದೆ ಇಟ್ಟ. "ಚರಿಗಿಗಿಂತ ಇದು ಛಲೋ ಐತಿ, ಇಟ್ಕೋ" ಎಂದ. ಎಮ್ಮೆಯ ಮಾತು ಎತ್ತಲಿಲ್ಲ.

ನಾನು ಕೂದಲು ಅಳೆದುಕೊಳ್ಳುವುದು ಅದೇ ಸ್ಕೇಲಿನಿಂದ. ಅಂಚಿನ ಗೆರೆಗಳು ಸವೆದಿಲ್ಲ.

ಅಪ್ಪನ ಕೂದಲು ನನ್ನ ಕೈಗೆ ಬಂದದ್ದು ಕೊರೊನಾದ ಲಾಕ್‌ಡೌನಿನಲ್ಲಿ. ಅಂಗಡಿಗಳೆಲ್ಲ ಮುಚ್ಚಿದ್ದವು. ಅಪ್ಪ ಆಗಷ್ಟೇ ನಿವೃತ್ತನಾಗಿದ್ದ. ಕೂದಲು ಕಿವಿ ದಾಟಿ ಅಂಗಿಯ ಕಾಲರಿಗೆ ಇಳಿದಿತ್ತು, ಅವನು ದಿನಕ್ಕೆ ಹತ್ತು ಸಲ ಕತ್ತು ಕೆರೆದುಕೊಳ್ಳುತ್ತಿದ್ದ. ಒಂದು ರವಿವಾರ ಹಿತ್ತಲಿನ ಬೇವಿನ ಗಿಡದ ಕೆಳಗೆ ಕಟ್ಟಿಗೆಯ ಸ್ಟೂಲು ಹಾಕಿಕೊಂಡು ಕೂತು, "ನಿನ್ನ ತಲಿ ನೀನ ಮಾಡ್ಕೋತಿ. ನಂದೊಂದು ಮಾಡ್ಬಿಡು" ಎಂದ.

ಅಪ್ಪನ ತಲೆಯನ್ನು ನಾನು ಅಷ್ಟು ಹತ್ತಿರದಿಂದ ನೋಡಿದವಳೇ ಅಲ್ಲ. ನೆತ್ತಿಯಲ್ಲಿ ಎರಡು ಸುಳಿಗಳಿದ್ದವು. ಬಲಗಿವಿಯ ಹಿಂದೆ ಹಳೆಯ ಗಾಯದ ಒಂದು ಗೆರೆ ಇತ್ತು. "ಇದೇನ್ರಿ?" ಎಂದು ಕೇಳಿದೆ. ಕೇಳಿದ್ದೇ ತಡ, ಅಪ್ಪ ಮಾತಾಡತೊಡಗಿದ. ಇಬ್ಬರು ಅಣ್ಣತಮ್ಮಂದಿರ ನಡುವಿನ ಬಾಂದುಕಲ್ಲು ಸರಿಸಿ ನೆಡಿಸುವಾಗ ಯಾರೋ ಬೀಸಿದ ಮಣ್ಣಿನ ಹೆಂಟೆ ಅಪ್ಪನಿಗೆ ಬಿದ್ದಿತ್ತಂತೆ. ಅದನ್ನು ಅವ್ವನಿಗೆ ಈವರೆಗೂ ಹೇಳಿಲ್ಲವಂತೆ. ಸೈಕಲ್ಲಿನಿಂದ ಬಿದ್ದೆ ಎಂದಿದ್ದನಂತೆ.

ಅಪ್ಪ ಬೆನ್ನ ಹಿಂದೆ ನಿಂತವರ ಜೊತೆ ಮಾತ್ರ ಮಾತಾಡಬಲ್ಲ ಎಂಬುದು ನನಗೆ ಆವತ್ತು ತಿಳಿಯಿತು. ಎದುರಿಗೆ ಮುಖವಿದ್ದರೆ ಅವನಿಗೆ ಮಾತು ಹೊರಡುವುದಿಲ್ಲ. ನನ್ನದೂ ಅದೇ ಜಾತಕ. ಅಲ್ಲಿಂದ ಪ್ರತಿ ತಿಂಗಳ ಮೊದಲ ರವಿವಾರ ಮುಂಜಾನೆ ನಾವಿಬ್ಬರೂ ಬೇವಿನ ಗಿಡದ ಕೆಳಗೆ ಸೇರತೊಡಗಿದೆವು. ಅಂಗಡಿಗಳು ತೆರೆದವು, ಅಪ್ಪ ಮಾತ್ರ ಸ್ಟೂಲು ಬಿಡಲಿಲ್ಲ. ಸೋಮವಾರ ಬಸವಣ್ಣನ ವಾರ, ಮಂಗಳವಾರ ಶುಕ್ರವಾರ ದೇವಿಯದು, ಶನಿವಾರ ಹಣಮಪ್ಪನದು ಎಂದು ಅವ್ವ ವಾರದ ಬಹುಪಾಲನ್ನು ಕತ್ತರಿಯಿಂದ ಕಾಪಾಡಿಟ್ಟಿದ್ದಾಳೆ. ಆದ್ದರಿಂದ ರವಿವಾರವೇ ಗಟ್ಟಿಯಾಯಿತು. ಮುಕ್ಕಾಲು ಗಂಟೆಯ ಕೆಲಸ. ಕ್ಷೌರ ಮುಗಿದ ಕೂಡಲೇ ಅಪ್ಪ ತಲೆಗೆ ಟಾವೆಲ್ ಸುತ್ತಿಕೊಂಡು, "ಪೇಪರ್ ತಗೊಂಡು ಬರ್ತೇನಿ" ಎಂದು ಹೊರಗೆ ಹೋಗುತ್ತಿದ್ದ. ನಾನು ಗುಡಿಸಿ, ಕತ್ತರಿ ಒರೆಸಿ ಇಡುತ್ತಿದ್ದೆ.

ನನ್ನ ಮಾತುಗಳೂ ಅಲ್ಲೇ ಆಗುತ್ತಿದ್ದವು. ಸಿಂದಗಿಯಿಂದ ಒಂದು ಸಂಬಂಧ ಬಂದಿತ್ತು. ನೋಡಲು ಬಂದ ಹುಡುಗನ ತಾಯಿ ನನ್ನನ್ನು ಒಳಗೆ ಕರೆದು, "ಸ್ವಲ್ಪ ಕೂದಲ ಬಿಚ್ಚಿ ತೋರಸವಾ, ಚೌರಿ ಹಾಕೀಯೋ ಏನೋ" ಎಂದರು. ಹೆರಳಿಗೆ ಸೇರಿಸುವ ಸುಳ್ಳು ಕೂದಲಿಗೆ ನಮ್ಮಲ್ಲಿ ಚೌರಿ ಎನ್ನುತ್ತಾರೆ. ಬಿಚ್ಚಿದೆ. ಹೆಗಲ ತನಕ ಬಿತ್ತು. ಅವರು ನನ್ನ ಕೂದಲಿನ ತುದಿಯನ್ನು ಬಟ್ಟೆಯಂಗಡಿಯಲ್ಲಿ ಸೀರೆಯ ಸೆರಗು ನೋಡುವಂತೆ ಎರಡು ಬೆರಳಿನಲ್ಲಿ ಉಜ್ಜಿ ನೋಡಿದರು. ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆಯಿತ್ತು. ರವಿವಾರ ಅಪ್ಪನ ಕಿವಿಯ ಸುತ್ತ ಕತ್ತರಿ ಆಡಿಸುತ್ತ, "ಸಿಂದಗಿಯವರು ಬ್ಯಾಡ್ರಿ" ಎಂದೆ. ಅಪ್ಪ, "ಕಿವಿ ಹುಷಾರ" ಎಂದ. ಮರುದಿನ ಅಪ್ಪ ಸಿಂದಗಿಗೆ ಫೋನು ಮಾಡಿ ಬೇಡವೆಂದು ಹೇಳಿದ್ದ. ಯಾಕೆ ಎಂದು ನನ್ನನ್ನು ಇವತ್ತಿನವರೆಗೂ ಕೇಳಿಲ್ಲ.

ಆ ಮುಕ್ಕಾಲು ಗಂಟೆ ನನಗೆ ಏನಾಗಿತ್ತು ಎಂದು ಇನ್ನು ಬಿಡಿಸಿ ಹೇಳುವುದಿಲ್ಲ. ಮನೆಯಲ್ಲಿ ಎಲ್ಲವೂ ಎಲ್ಲರದ್ದಾಗಿರುತ್ತದೆ. ಅದೊಂದು ನನ್ನದಾಗಿತ್ತು.

ಹೋದ ವರ್ಷ ಅಣ್ಣನ ಮದುವೆಯಾಗಿ ವೈನಿ ಬಂದರು. ಇಂಡಿ ತಾಲೂಕಿನ ಅಗರಖೇಡದವರು, ತವರಿನಲ್ಲಿ ನಿಂಬೆಯ ತೋಟ. ವಯಸ್ಸಿನಲ್ಲಿ ನನಗಿಂತ ಹನ್ನೊಂದು ತಿಂಗಳು ಚಿಕ್ಕವರು, ಆದ್ದರಿಂದ ನನ್ನನ್ನು ಅಕ್ಕಾರ ಎನ್ನುತ್ತಾರೆ. ಸಂಬಂಧದಲ್ಲಿ ದೊಡ್ಡವರು, ಆದ್ದರಿಂದ ನಾನು ಅವರನ್ನು ವೈನಿ ಎನ್ನುತ್ತೇನೆ. ಹೀಗೆ ನಾವಿಬ್ಬರೂ ಒಬ್ಬರಿಗೊಬ್ಬರು ದೊಡ್ಡವರು. ಅವರು ಇಂಡಿಯಲ್ಲಿ ಆರು ತಿಂಗಳು ಬ್ಯೂಟಿಷಿಯನ್ ಕೋರ್ಸು ಮಾಡಿದ್ದರು. ಮದುವೆಯ ಸಾಮಾನಿನ ಜೊತೆ ಒಂದು ಕೆಂಪು ಪೆಟ್ಟಿಗೆಯೂ ಬಂತು. ಅದರೊಳಗೆ ಏಳು ನಮೂನೆಯ ಹಣಿಗೆ, ಎರಡು ಸಣ್ಣ ಕತ್ತರಿ, ಒಂದು ಟ್ರಿಮ್ಮರು.

ವೈನಿ ಬಂದ ನಾಲ್ಕನೆಯ ದಿನ. ನಾನು ಬಸ್ಸಿನ ಗಡಿಬಿಡಿಯಲ್ಲಿ ಪಡಸಾಲೆಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದೆ. ಹಿಂದಿನಿಂದ ವೈನಿ, "ಅಕ್ಕಾರ, ನಿಮ್ಮ ಕೂದಲ ಎಡಕಿನ ಕಡೆ ಒಂದ್ ಬಟ್ಟ ಉದ್ದ ಐತ್ರಿ" ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಸೀರೆಯ ನಿರಿಗೆ ಜಾರಿದೆ ಎಂದು ಹೇಳುವಂತೆ ಹೇಳಿದರು. "ಕೂಡ್ರಿ, ಐದ ನಿಮಿಷದಾಗ ಮಟ್ಟ ಮಾಡ್ತೇನಿ."

"ಬ್ಯಾಡ್ರಿ ವೈನಿ, ಕಾಲೇಜಿಗೆ ತಡಾ ಆಗ್ತೈತಿ" ಎಂದೆ.

ಕಾಲೇಜಿಗೆ ಆವತ್ತು ರಜೆ ಎಂಬುದು ನನಗೆ ಬಸ್ಸು ಹತ್ತಿದ ಮೇಲೆ ನೆನಪಾಯಿತು. ಇಳಿಯಲು ಅಭಿಮಾನ ಬಿಡಲಿಲ್ಲ. ತಾಳಿಕೋಟೆಯ ತನಕ ಹೋಗಿ, ಬಸ್ ಸ್ಟ್ಯಾಂಡಿನಲ್ಲಿ ಒಂದು ಚಹಾ ಕುಡಿದು, ಬಂದ ಬಸ್ಸಿನಲ್ಲೇ ತಿರುಗಿ ಬಂದೆ.

ಏಳೆಂಟು ವರ್ಷ ಈ ತಲೆ ಹೊತ್ತು ಓಡಾಡಿದ್ದೇನೆ. ಅವ್ವ ನೋಡಿದ್ದಾಳೆ, ಅಣ್ಣ ನೋಡಿದ್ದಾನೆ, ಪಾಠ ಮಾಡುವಾಗ ಬೋರ್ಡಿನ ಕಡೆ ತಿರುಗಿ ನಿಂತ ನನ್ನ ಬೆನ್ನನ್ನು ಎಷ್ಟೋ ತಂಡದ ವಿದ್ಯಾರ್ಥಿಗಳು ನೋಡಿದ್ದಾರೆ. ಯಾರಿಗೂ ಕಾಣದ ಒಂದು ಬಟ್ಟಿನ, ಅಂದರೆ ಒಂದು ಬೆರಳಗಲದ, ಉದ್ದ ನಾಲ್ಕು ದಿನದವರ ಕಣ್ಣಿಗೆ ಕಂಡಿತಲ್ಲ. ಬುಧವಾರ ಬಾಗಿಲು ಹಾಕಿಕೊಂಡು ಎರಡು ಕನ್ನಡಿ ಹಿಡಿದು ಸರಿಮಾಡಿಕೊಳ್ಳಲು ನಿಂತೆ. ಕನ್ನಡಿಯೊಳಗಿನ ಕನ್ನಡಿಯಲ್ಲಿ ಉದ್ದ ಕಂಡ ಕಡೆಯನ್ನು ಹಿಡಿದು ಕತ್ತರಿಸಿದೆ. ಅದು ಬಲಗಡೆಯಾಗಿತ್ತು. ಮರುದಿನ ವೈನಿ ನನ್ನ ತಲೆಯನ್ನು ನೋಡಿದರು, ಏನೂ ಅನ್ನದೆ ಒಳಗೆ ಹೋದರು. ಹೇಳಿದ್ದಕ್ಕಿಂತ ಹೇಳದೆ ಹೋದದ್ದಕ್ಕೇ ನನಗೆ ಹೆಚ್ಚು ಉರಿಯಿತು.

ಆಮೇಲೆ ಒಂದೊಂದಾಗಿ ಎಲ್ಲವೂ ಆ ಕೆಂಪು ಪೆಟ್ಟಿಗೆಯ ಕಡೆಗೆ ಸರಿಯತೊಡಗಿತು. ಓಣಿಯ ಹೆಂಗಸರು ಮಧ್ಯಾಹ್ನ ನಮ್ಮ ಪಡಸಾಲೆಗೆ ಬಂದು ಸಾಲಾಗಿ ಕೂರತೊಡಗಿದರು. ನಾನು ಕಾಲೇಜಿನಿಂದ ಬಂದಾಗ ಮನೆಯೊಳಗಿನಿಂದ ನಗು ಕೇಳುತ್ತಿತ್ತು, ನಾನು ಚಪ್ಪಲಿ ಬಿಡುವ ಹೊತ್ತಿಗೆ ಅದು ಸ್ವಲ್ಪ ಕಡಿಮೆಯಾಗುತ್ತಿತ್ತು. ಚಿಕ್ಕಂದಿನಲ್ಲಿ ನನ್ನ ತಲೆ ಬಾಚುವಾಗ ಕೂದಲಿನ ಜೊತೆ ತಲೆಯನ್ನೂ ಎಳೆಯುತ್ತಿದ್ದ ಅವ್ವ, ಈಗ ವೈನಿಯ ಮುಂದೆ ಕಣ್ಣು ಮುಚ್ಚಿ ಕೂತು ನಿಂಬೆರಸ ಹಚ್ಚಿಸಿಕೊಳ್ಳುತ್ತಿದ್ದಳು. "ಏನ್ ಕೈ ಅದಾವ ಯವ್ವಾ, ನಿದ್ದಿನ ಬಂತು" ಎನ್ನುತ್ತಿದ್ದಳು. ನನ್ನ ಕೈಯಿಂದ ಯಾರಿಗೂ ನಿದ್ದೆ ಬಂದಿಲ್ಲ, ತರಗತಿಯಲ್ಲಿ ಬಿಟ್ಟರೆ. ನಾನು ಕತ್ತರಿಯನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕತೊಡಗಿದೆ. ಅದನ್ನು ಯಾರೂ ಕೇಳಿರಲಿಲ್ಲ ಎಂಬುದು ಬೇರೆ ಮಾತು. ಅಪ್ಪನ ರವಿವಾರ ಒಂದು ಉಳಿದಿತ್ತು. ಅದು ಹೋಗದಿರಲಿ ಎಂದು ನಾನು ತಿಂಗಳ ಕೊನೆಗೇ ಅಪ್ಪನಿಗೆ ನೆನಪು ಮಾಡುತ್ತಿದ್ದೆ.

ಹೋದ ರವಿವಾರ ಮುಂಜಾನೆ ಎಂಟಕ್ಕೆ ಅಪ್ಪನ ಕೂದಲು ಕತ್ತರಿಸಿದೆ. ಆವತ್ತು ಮಾತು ಕಡಿಮೆಯಿತ್ತು. ನಾನು ಬಸವನ ಬಾಗೇವಾಡಿಗೆ, ಜೊತೆಯಲ್ಲಿ ಕೆಲಸ ಮಾಡುವವರ ಮನೆಯ ವಾಸ್ತುಶಾಂತಿಗೆ ಹೋಗಬೇಕಿತ್ತು. ಗುಡಿಸುವುದನ್ನು ಅವಸರದಲ್ಲಿ ಮುಗಿಸಿ, ಕತ್ತರಿಯನ್ನು ಸ್ಟೂಲಿನ ಪಕ್ಕದಲ್ಲೇ ಮರೆತು, ಸೀರೆಯುಟ್ಟು ಹೊರಟೆ. ಬಸ್ ಸ್ಟ್ಯಾಂಡು ಮುಟ್ಟಿದ ಮೇಲೆ ನೋಡಿದರೆ ಕೊಡಬೇಕಾಗಿದ್ದ ಗೋಡೆ ಗಡಿಯಾರವನ್ನು ಮನೆಯಲ್ಲೇ ಬಿಟ್ಟಿದ್ದೆ. ತಿರುಗಿ ಬಂದೆ.

ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಹಿತ್ತಲಿನಿಂದ ಅಪ್ಪನ ನಗು ಕೇಳಿತು. ನಗು ಎಂದರೆ ಮೆಲ್ಲಗೆ ಮೂಗಿನಲ್ಲಿ ನಗುವುದಲ್ಲ, ಬಾಯಿ ತೆರೆದು ನಗುವ ನಗು. ಹಿತ್ತಲ ಬಾಗಿಲಿಗೆ ಬಂದು ನಿಂತೆ. ಬೇವಿನ ಗಿಡದ ಕೆಳಗೆ, ನನ್ನ ಸ್ಟೂಲಿನ ಮೇಲೆ ಅಪ್ಪ ಕೂತಿದ್ದ. ಹಿಂದೆ ವೈನಿ ನಿಂತಿದ್ದರು. ಕೈಯಲ್ಲಿ ನನ್ನ ಕತ್ತರಿ.

"ಮಾವಾರ, ಇಲ್ಲಿ ಸ್ವಲ್ಪ ಮೆಟ್ಟಲ ಮೆಟ್ಟಲ ಆಗ್ಯಾವ್ರಿ."

"ಇರಲಿ ಬಿಡವಾ. ಹತ್ತಾಕ ಇಳ್ಯಾಕ ಅನುಕೂಲ ಆಗ್ತೈತಿ."

"ಎಡಕಿನ ಕಡೆ ಪೂರಾ ಉಳದೈತ್ರಿ."

"ಜಲ್ದಿ ಮಾಡು. ಆಕಿ ಬಾಗೇವಾಡಿ ಬಸ್ ಹತ್ತಿರ್ತಾಳ ಈಗ."

ಒಣಗಿದ ಬೇವಿನ ಎಲೆಯ ಮೇಲೆ ನನ್ನ ಕಾಲು ಬಿತ್ತು. ವೈನಿ ತಿರುಗಿ ನೋಡಿ ಕತ್ತರಿಯನ್ನು ಬೆನ್ನ ಹಿಂದೆ ಹಿಡಿದರು, ಉಪ್ಪಿನಕಾಯಿ ಕದ್ದ ಸಣ್ಣ ಹುಡುಗಿಯಂತೆ. ಅಪ್ಪ ಹೆಗಲ ಮೇಲಿದ್ದ ಟಾವೆಲ್ಲನ್ನು ಸರಕ್ಕನೆ ತಲೆಗೆ ಹಾಕಿಕೊಂಡ. ನಾನು, "ಗಡಿಯಾರ ಮರತಿದ್ದೆ" ಎಂದೆ. ಗಡಿಯಾರ ತೆಗೆದುಕೊಂಡು ಹೊರಟೆ.

ಬಾಗೇವಾಡಿಯ ತನಕ ಮುಂದಿನ ಸೀಟುಗಳಲ್ಲಿ ಕೂತವರ ಕತ್ತುಗಳನ್ನು ನೋಡುತ್ತ ಹೋದೆ. ರೈತರು, ಮಾಸ್ತರರು, ಒಬ್ಬ ಪೊಲೀಸು. ಎಲ್ಲರ ಕೂದಲೂ ಹಿಂದೆ ನೆಟ್ಟಗೆ ಒಂದು ಗೆರೆಯಲ್ಲಿ ನಿಂತಿತ್ತು. ಇಷ್ಟು ಮಟ್ಟಸವಾದ ಕತ್ತುಗಳು ಒಂದೇ ಬಸ್ಸಿನಲ್ಲಿ ಹೇಗೆ ಕೂಡಿದವು ಎಂದು ಆಶ್ಚರ್ಯವಾಯಿತು. ಅಪ್ಪ ಅಷ್ಟು ದೊಡ್ಡದಾಗಿ ನಕ್ಕದ್ದನ್ನು ಮತ್ತೆ ಮತ್ತೆ ನೆನೆಸಿಕೊಂಡೆ. ನನ್ನ ಮುಂದೆ ಅಪ್ಪ ತನ್ನ ಗಾಯಗಳನ್ನು ಹೇಳಿದ್ದಾನೆ, ನಕ್ಕಿಲ್ಲ. ಯಾವುದು ದೊಡ್ಡದು ಎಂದು ತೂಗಿ ನೋಡಿದೆ. ಆ ಹೊತ್ತಿಗೆ ನಗುವೇ ದೊಡ್ಡದು ಅನ್ನಿಸಿತು. ವಾಸ್ತುಶಾಂತಿಯ ಊಟದಲ್ಲಿ ಹೋಳಿಗೆ ಬಡಿಸಿದರು, ತಿಂದೆ. ಮನೆ ಚೆನ್ನಾಗಿದೆ ಎಂದು ಹೇಳಿದೆ. ಎಷ್ಟು ಕೋಣೆಗಳಿದ್ದವು ಎಂದು ಈಗ ಕೇಳಿದರೆ ನನಗೆ ಗೊತ್ತಿಲ್ಲ.

ಸಂಜೆ ನಾಲ್ಕಕ್ಕೆ ಮನೆಗೆ ಬಂದಾಗ ಅವ್ವ ಅಡುಗೆಮನೆಯ ಬಾಗಿಲಲ್ಲಿ ಮೊರದ ತುಂಬ ಜೋಳ ಹಾಕಿಕೊಂಡು ಹಸನು ಮಾಡುತ್ತಿದ್ದಳು.

"ಮಾರಿ ಯಾಕ ಹಂಗ ಮಾಡ್ಕೊಂಡಿ?"

"ಏನಿಲ್ಲ."

"ಆಕಿ ಎರಡ ಕೂದಲ ಕತ್ತರಿಸಿದ್ರ ನಿಂದೇನ್ ಹೋತು?"

"ಮುಂಜಾನಿ ನಾ ಕತ್ತರಿಸಿದ್ದೆ."

"ನೀ ಕತ್ತರಿಸಿದ್ದಕ್ಕ ಆಕಿ ಕತ್ತರಿಸಬೇಕಾತು." ಅವ್ವ ಒಂದು ಕಲ್ಲು ಹೆಕ್ಕಿ ಹೊರಗೆ ಎಸೆದಳು. "ಐದ್ ವರ್ಷ ಆತು, ಪ್ರತಿ ಸಲಾ ತಲಿಗೆ ಟಾವೆಲ್ ಸುತ್ಕೊಂಡು ಎಲ್ಲಿಗೆ ಹೋಗ್ತಿದ್ರು ಅಂತ ಮಾಡೀದಿ?"

"ಪೇಪರ್ ತರಾಕ."

"ಪೇಪರ್ ಮುಂಜಾನಿ ಆರಕ್ಕ ನಮ್ಮ ಬಾಗಲಾಗ ಬಿದ್ದಿರ್ತೈತಿ. ನೀನ ತಂದು ಓದತಿ."

ಹೌದು. ದಿನವೂ ನಾನೇ ಎತ್ತಿ ತರುತ್ತೇನೆ. ರವಿವಾರದ ಪುರವಣಿಯನ್ನು ಮೊದಲು ಓದುವವಳೂ ನಾನೇ. ಎಂ.ಎಸ್ಸಿ. ಓದಿದ ನನ್ನ ತಲೆಗೆ ಇದು ಐದು ವರ್ಷ ಹೊಳೆದಿರಲಿಲ್ಲ.

ಅಪ್ಪ ಹೋಗುತ್ತಿದ್ದದ್ದು ಬಸ್ ಸ್ಟ್ಯಾಂಡಿನ ಹಿಂದಿನ ಸಿದ್ರಾಮನ ಅಂಗಡಿಗೆ. ಅಲ್ಲಿ ಟಾವೆಲ್ ಬಿಚ್ಚಿ ಕೂತರೆ ಸಿದ್ರಾಮ ಹತ್ತು ನಿಮಿಷದಲ್ಲಿ ಎಲ್ಲ ಸರಿಮಾಡಿ ಕಳಿಸುತ್ತಿದ್ದನಂತೆ. ಈ ತಿಂಗಳು ಸಿದ್ರಾಮ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಇಂಡಿಗೆ ಮಗಳ ಮನೆಗೆ ಹೋಗಿದ್ದಾನೆ. ಬೇರೆ ಅಂಗಡಿಯವರಿಗೆ ಇದನ್ನೆಲ್ಲ ವಿವರಿಸಿ ಹೇಳಲು ಅಪ್ಪನಿಗೆ ಸಂಕೋಚ. ಅದಕ್ಕೆ ವೈನಿಯನ್ನು ಕೇಳಿದ್ದ.

"ಸಿದ್ರಾಮ ನಿನ್ನ ಕೈ ಗುರ್ತ ಹಿಡೀತಾನ ಮತ್ತ," ಎಂದಳು ಅವ್ವ. "ಮಗಳ ಕತ್ತರಿ ಯಾವಾಗ್ಲೂ ಎಡಕ್ಕ ಬಿಡ್ತೈತ್ರಿ ಅಂತಿದ್ದನಂತ."

ನನ್ನ ಹೊಟ್ಟೆಕಿಚ್ಚು ಅಲ್ಲಿಂದೆದ್ದು ಸಿದ್ರಾಮನ ಅಂಗಡಿಗೆ ನಡೆಯಿತು. ನಾನು ಒಮ್ಮೆಯೂ ಮಾತಾಡಿಸದ ಒಬ್ಬ ಮನುಷ್ಯ ಐದು ವರ್ಷದಿಂದ ನನ್ನ ರವಿವಾರದ ಕೊನೆಯ ಹತ್ತು ನಿಮಿಷಗಳನ್ನು ಇಟ್ಟುಕೊಂಡಿದ್ದ. ನನ್ನ ತಪ್ಪು ಯಾವ ಕಡೆಗೆ ವಾಲುತ್ತದೆ ಎಂದು ನನಗಿಂತ ಚೆನ್ನಾಗಿ ತಿಳಿದಿದ್ದ. ಅಪ್ಪ ಅವನ ಕುರ್ಚಿಯಲ್ಲಿ ಕೂತು ನಗುತ್ತಿದ್ದನೇ? ಗಾಯದ ಕಥೆ ಅವನಿಗೂ ಹೇಳಿದ್ದನೇ? ಅವನ ಕಣ್ಣು ಬೇಗ ವಾಸಿಯಾಗಲಿ ಎಂದುಕೊಂಡೆ. ಆಗದಿದ್ದರೂ ನಡೆಯುತ್ತದೆ ಎಂಬ ಇನ್ನೊಂದು ಯೋಚನೆ ಅದರ ಹಿಂದೆಯೇ ಬಂತು. ಅದನ್ನು ಇಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ.

ಅಪ್ಪ ಹಿತ್ತಲಿನಲ್ಲಿ ಗಿಡಗಳಿಗೆ ನೀರು ಹಾಕುತ್ತಿದ್ದ. ತಲೆ ಮಟ್ಟಸವಾಗಿ, ಹತ್ತು ವರ್ಷ ಚಿಕ್ಕವನಂತೆ ಕಾಣುತ್ತಿದ್ದ. ನಾನು ಹೋಗಿ ಎದುರಿಗೆ ನಿಂತೆ. ಹಿಂದೆ ನಿಲ್ಲಬೇಕಿತ್ತು, ಸಿಟ್ಟಿನಲ್ಲಿ ಮರೆತೆ.

"ಯಾಕ ಹೇಳ್ಲಿಲ್ರಿ?"

"ಏನು?"

"ತಲಿದು."

ಅಪ್ಪ ಬಕೆಟ್ಟು ಕೆಳಗಿಟ್ಟ. ನನ್ನ ಮುಖ ನೋಡದೆ ಬೇವಿನ ಗಿಡ ನೋಡಿದ.

"ನಾ ಪ್ರತಿ ತಿಂಗಳಾ ಬಂದು ಕುಂತೇನೋ ಇಲ್ಲೋ?"

"ಕುಂತೀರಿ."

"ಮತ್ತ?"

ಇಷ್ಟು ಹೇಳಿ ಬಕೆಟ್ಟು ಎತ್ತಿಕೊಂಡು ನುಗ್ಗೆ ಗಿಡದ ಕಡೆ ಹೋದ. ಎದುರಿಗೆ ನಿಂತರೆ ಅಪ್ಪನಿಂದ ಬರುವ ಮಾತು ಅಷ್ಟೇ. ಜೀವಮಾನವಿಡೀ ಊರವರ ಹೊಲದ ಗೆರೆ ಒಂದು ಬಟ್ಟು ತಪ್ಪಿದರೂ ಕಲ್ಲು ಕೀಳಿಸಿ ಮತ್ತೆ ನೆಡಿಸಿದ ಮನುಷ್ಯ. ತನ್ನ ತಲೆಯ ಮೇಲೆ ನಾನು ಎಳೆದ ಗೆರೆ ಎಷ್ಟು ಸೊಟ್ಟ ಎಂದು ಅವನಿಗೆ ಮೊದಲ ರವಿವಾರವೇ ತಿಳಿದಿರಬೇಕು.

ಮರುದಿನ ಮುಂಜಾನೆ ನಾನು ತಲೆಗೆ ಎರೆದುಕೊಂಡು, ಬೇವಿನ ಗಿಡದ ಕೆಳಗಿನ ಸ್ಟೂಲನ್ನು ಎತ್ತಿ ಪಡಸಾಲೆಗೆ ತಂದೆ. ವೈನಿ ಅಲ್ಲಿ ಕೆಂಪು ಪೆಟ್ಟಿಗೆಯಲ್ಲಿ ಹಣಿಗೆ ಜೋಡಿಸುತ್ತಿದ್ದರು. ನನ್ನ ಕತ್ತರಿಯನ್ನು ಒರೆಸಿ, ಪೆಟ್ಟಿಗೆಯ ಹೊರಗೆ, ಬೇರೆಯಾಗಿ ಇಟ್ಟಿದ್ದರು. ನಾನು ಅವರಿಗೆ ಬೆನ್ನು ಮಾಡಿ ಸ್ಟೂಲಿನ ಮೇಲೆ ಕೂತೆ.

"ಇವತ್ತ ಸೋಮವಾರ ರೀ ಅಕ್ಕಾರ," ಎಂದರು ವೈನಿ ಮೆಲ್ಲಗೆ. "ಅತ್ತಿಯವರು ಬೈತಾರು."

"ಕತ್ತರಸಬ್ಯಾಡ್ರಿ. ಅಳೀರಿ ಅಷ್ಟ." ಹೆಗಲ ಮೇಲಿಂದ ಅಪ್ಪನ ಸ್ಕೇಲನ್ನು ಹಿಂದಕ್ಕೆ ಚಾಚಿದೆ.

ಅವರ ಬೆರಳುಗಳು ನನ್ನ ಕತ್ತಿಗೆ ತಾಗಿದವು. ನಿಂಬೆಯ ವಾಸನೆ ಬಂತು. ಅವ್ವ ಹೇಳಿದ್ದು ನಿಜ, ಕೈ ಬಹಳ ಹಗುರವಾಗಿತ್ತು. ಅದು ನಿಜವಾಗಿದ್ದಕ್ಕೆ ನನಗೆ ಮತ್ತೊಮ್ಮೆ ಸಿಟ್ಟು ಬಂತು. ಸ್ಕೇಲಿನ ತಣ್ಣನೆಯ ಅಂಚು ಮೊದಲು ಬಲಗಡೆ, ಆಮೇಲೆ ಎಡಗಡೆ ಮುಟ್ಟಿತು.

"ಒಂದೂವರಿ."

"ಇಂಚೇನ್ರಿ?"

"ಇಲ್ರಿ, ಸೆಂಟಿಮೀಟರ್."

ಬೆನ್ನ ಹಿಂದೆ ನಿಂತವರನ್ನು ಕೇಳುವುದು ಸುಲಭ ಎಂದು ಆಗಲೇ ಹೇಳಿದೆನಲ್ಲ.

"ನಿನ್ನೆ ಅಪ್ಪಾರದು ಎಷ್ಟ ತಪ್ಪಿತ್ರಿ?"

"ಅದನ್ನ ನಾ ಅಳೀಲಿಲ್ರಿ," ಎಂದರು ವೈನಿ. "ಮಾವಾರು ಬ್ಯಾಡಂದ್ರು."

ನಾನು ಎದ್ದೆ. ಸ್ಟೂಲನ್ನು ಬೇವಿನ ಗಿಡದ ಕೆಳಗೆ ಅದರ ಜಾಗದಲ್ಲಿ ಇಟ್ಟು ಬಂದೆ. ಸ್ಕೇಲನ್ನು ವೈನಿಯ ಕೈಯಿಂದ ತೆಗೆದುಕೊಂಡು, ಒರೆಸಿ, ನನ್ನ ಚೀಲಕ್ಕೆ ಹಾಕಿಕೊಂಡೆ. ಕತ್ತರಿಯನ್ನು ಅವರ ಕೆಂಪು ಪೆಟ್ಟಿಗೆಯೊಳಗೆ ಇಟ್ಟು, "ಬುಧವಾರ" ಎಂದು ಹೇಳಿ, ಒದ್ದೆ ತಲೆಯಲ್ಲೇ ತಾಳಿಕೋಟೆಯ ಬಸ್ಸಿಗೆ ಹೊರಟೆ.